ಬೆರಳೊಳಗಿನ ಹಗ್ಗಕ್ಕೆ ಎಷ್ಟು ಎಳೆ?

ಮಕ್ಕಳೇ, ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿನಲ್ಲಿ ನಮಗೆ ದಿನವೂ ಒಂದು ಹೊಲಿಗೆ ಕೆಲಸವಿತ್ತು. ವೋಚರುಗಳನ್ನೆಲ್ಲ ಜೋಡಿಸಿ, ದಬ್ಬಳದಲ್ಲಿ ತೂತು ಹೊಡೆದು, ದಾರ ಪೋಣಿಸಿ ಕಟ್ಟುವುದು. ಒಂದೇ ಎಳೆ ಹಾಕಿ ಎಳೆದರೆ ದಾರ ತುಂಡಾಗುತ್ತಿರಲಿಲ್ಲ, ಕಾಗದವನ್ನೇ ಸೀಳಿಕೊಂಡು ಬರುತ್ತಿತ್ತು. ಕೈಬೆರಳಿನ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರ ತಲೆನೋವೂ ಇದೇ ಎಂದು ಈಚೆಗೆ ಓದಿ ತಿಳಿದೆ.

ಓದುವಂತೆ ಮಾಡಿದವನು ನಮ್ಮ ಬೀದಿಯ ಎಳನೀರು ಮಾರುವ ಹುಡುಗ. ಮಚ್ಚು ಜಾರಿ ಎಡಗೈ ತೋರುಬೆರಳಿನ ಬುಡಕ್ಕೆ ಬಿತ್ತು. ಗಾಯ ಒಂದಿಂಚೂ ಇರಲಿಲ್ಲ, ಆದರೆ ಬೆರಳು ಮಡಚಲಾಗಲಿಲ್ಲ. ‘ನರ ಕಟ್ಟಾಗೈತೆ’ ಎಂದರು ಜನ. ನಮ್ಮ ಕಡೆ ಎಲ್ಲವೂ ನರವೇ. ಕತ್ತರಿಸಿದ್ದು ನರವಲ್ಲ, ಸ್ನಾಯುರಜ್ಜು. ವೈದ್ಯರ ಮಾತಿನಲ್ಲಿ ಟೆಂಡನ್. ಬೆರಳು ಮಡಚುವ ಮುಖ್ಯ ಸ್ನಾಯುಗಳು ಬೆರಳಲ್ಲಿಲ್ಲ, ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಇವೆ. ಅಲ್ಲಿಂದ ಬೆರಳ ತುದಿಯವರೆಗೆ ಎಳೆಯುವ ಹಗ್ಗವೇ ಈ ರಜ್ಜು.

ಇದರ ನಾರುಗಳು ಬಾಳೆಪಟ್ಟೆಯಂತೆ ಉದ್ದುದ್ದಕ್ಕೆ ಇರುತ್ತವೆ. ಬಾಳೆಪಟ್ಟೆಗೆ ಸೂಜಿ ಚುಚ್ಚಿ ದಾರವನ್ನು ಉದ್ದಕ್ಕೆ ಎಳೆದು ನೋಡಿ, ಸರ್ರನೆ ಸೀಳುತ್ತದೆ. ಅದಕ್ಕೇ ದಾರವನ್ನು ಅಡ್ಡಡ್ಡ ತಂದು, ಒಂದು ಹಿಡಿ ನಾರನ್ನು ಕುಣಿಕೆಯಲ್ಲಿ ಸಿಕ್ಕಿಸಬೇಕು. ಕೆಸ್ಲರ್ ಎಂಬ ವೈದ್ಯರ ಹೆಸರಿನ ಹೊಲಿಗೆ ಹಾಗೆ ಹಿಡಿಯುತ್ತದೆ. ಅದರಲ್ಲಿ ಕತ್ತರಿಸಿದ ಜಾಗವನ್ನು ದಾಟುವ ಎಳೆಗಳು ಎರಡು. ನಾಲ್ಕು, ಆರು ಎಳೆಗಳ ಹೊಲಿಗೆಗಳು ಆಮೇಲೆ ಬಂದವು.

ಯಾವುದು ಗಟ್ಟಿ ಎಂದು ನೋಡಲು ಹಂದಿಯ ಅಥವಾ ದಾನವಾಗಿ ಬಂದ ದೇಹಗಳ ರಜ್ಜುವನ್ನು ಹೊಲಿದು, ಯಂತ್ರಕ್ಕೆ ಸಿಕ್ಕಿಸಿ, ಕಿತ್ತುಬರುವವರೆಗೂ ಎಳೆಯುತ್ತಾರೆ. ಲೆಕ್ಕ ಗುಮಾಸ್ತನಿಗೆ ಇಷ್ಟವಾಗುವಂಥದ್ದು. ಎರಡೆಳೆಯದು ಸುಮಾರು 2ರಿಂದ 3 ಕೆಜಿ ಎಳೆತಕ್ಕೆ ಸೋಲುತ್ತದೆ, ನಾಲ್ಕೆಳೆಯದು 4 ಕೆಜಿಗೂ ಮೀರಿ ತಾಳುತ್ತದೆ, ಆರೆಳೆಯದು ಇನ್ನೂ ಹೆಚ್ಚು. ಸುತ್ತಲೂ ಸಣ್ಣ ಅಂಚುಹೊಲಿಗೆ ಹಾಕಿದರೆ ಮತ್ತಷ್ಟು ಬಲ. ಇನ್ನೊಂದು ಕಡೆಯ ಲೆಕ್ಕ ನೋಡಿ: ಭಾರವಿಲ್ಲದೆ ಬೆರಳು ಮಡಚಿದರೂ ರಜ್ಜುವಿನ ಮೇಲೆ 3.5 ಕೆಜಿವರೆಗೆ ಎಳೆತ ಬೀಳಬಹುದು. ಬೆರಳ ತುದಿಯಿಂದ ಬಿಗಿಯಾಗಿ ಚಿವುಟಿದರೆ 12 ಕೆಜಿ! ಎರಡೆಳೆ ಎಲ್ಲಿ ಸಾಕು?

ಹಾಗಾದರೆ ಹತ್ತೆಳೆ ಹಾಕಬಾರದೇ? ಬೆರಳಲ್ಲಿ ರಜ್ಜು ಓಡುವುದು ಇಕ್ಕಟ್ಟಾದ ಕೊಳವೆಯಲ್ಲಿ. ಗಂಟುಗಂಟಾದ ಹಗ್ಗ ರಾಟೆಗೆ ಸಿಕ್ಕಿಕೊಳ್ಳುವ ಹಾಗೆ, ದಾರ ಹೆಚ್ಚಾದರೆ ಉಬ್ಬಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಸ್ಟರ್ಲಿಂಗ್ ಬನೆಲ್ ಈ ಜಾಗಕ್ಕೆ ‘ಯಾರಿಗೂ ಸೇರದ ನೆಲ’ ಎಂದು ಹೆಸರಿಟ್ಟಿದ್ದರು. ಅಲ್ಲಿ ಕೂಡಲೇ ಹೊಲಿಯಬಾರದು, ಆಮೇಲೆ ಬೇರೆ ರಜ್ಜು ತಂದು ಕಸಿ ಮಾಡಬೇಕು ಎಂಬುದೇ ಬಹುಕಾಲ ನಡೆದುಬಂದ ನಿಯಮ. 1967ರಲ್ಲಿ ಹೆರಾಲ್ಡ್ ಕ್ಲೈನರ್ಟ್ ಮತ್ತು ಸಂಗಡಿಗರು, ಕೂಡಲೇ ಹೊಲಿದು ಬೇಗ ಆಡಿಸಿದರೂ ಬೆರಳು ಚೆನ್ನಾಗುತ್ತದೆಂದು ತೋರಿಸಿದರು. ಆಡಿಸದಿದ್ದರೆ ರಜ್ಜು ಸುತ್ತಲಿನದಕ್ಕೆ ಅಂಟಿಕೊಳ್ಳುತ್ತದೆ, ಜೋರಾಗಿ ಆಡಿಸಿದರೆ ಹೊಲಿಗೆ ಕಿತ್ತುಹೋಗುತ್ತದೆ. ಈಗ ಬಹಳ ಕಡೆ ನಾಲ್ಕೆಳೆಗೆ ಕಡಿಮೆ ಇಲ್ಲದಂತೆ ಹೊಲಿಯುವುದು ಇದಕ್ಕೇ.

ಹೊರಗಿನ ಹೊಲಿಗೆ ಬಿಚ್ಚಿದ ದಿನ ಹುಡುಗ ಬಂದು, “ತಾತ, ಗಾಯ ಒಣಗೈತೆ. ನಾಳೆಯಿಂದ ಮಚ್ಚು ಹಿಡೀಲಾ?” ಎಂದ. ಅವನಿಗೆ ದಿನದ ದುಡಿಮೆಯೇ ಊಟ. ಚರ್ಮ ಒಣಗುವ ಹೊತ್ತಿಗೇ ಒಳಗೆ ರಜ್ಜುವಿನ ತುದಿಗಳು ಮೆತ್ತಗಾಗಿ, ಮೊದಲ ಮೂರು ವಾರ ಕಿತ್ತುಹೋಗುವ ಭಯ ಹೆಚ್ಚು. ಭಾರದ ಕೆಲಸಕ್ಕೆ ಸುಮಾರು 12 ವಾರ ಕಾಯಬೇಕು. ಇದನ್ನೆಲ್ಲ ಅವನ ತಾಯಿಯನ್ನೂ ಕೂರಿಸಿಕೊಂಡು ಬಾಳೆಪಟ್ಟೆಯಲ್ಲೇ ಎಳೆದು ತೋರಿಸಿದೆ. ಈಗ ಕಾಯಿ ಕೆತ್ತುವವಳು ಅವನ ಅಕ್ಕ. ಅವನದು ದುಡ್ಡು ಎಣಿಸುವ ಕೆಲಸ, ಎಡಗೈಗೆ ಪಟ್ಟಿ ಕಟ್ಟಿಕೊಂಡು. ವೈದ್ಯರೂ ಕಥೆಗಾರರೂ ಆಗಿದ್ದ ಬೆಸಗರಹಳ್ಳಿ ರಾಮಣ್ಣನವರ ಊರು ನಮ್ಮದು. ಇಲ್ಲೂ ಅರಿಸಿನ ಮೆತ್ತಿ ವಾರ ಕಳೆಯುವವರು ಇದ್ದಾರೆ. ಗಾಯ ಎಷ್ಟೇ ಚಿಕ್ಕದಿರಲಿ, ಬೆರಳ ತುದಿ ಮಡಚಲಾಗದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ಇನ್ನು ಒಂದು ಆಟ. ಹೆಬ್ಬೆರಳು ಕಿರುಬೆರಳು ಕೂಡಿಸಿ ಮಣಿಕಟ್ಟನ್ನು ಸ್ವಲ್ಪ ಮಡಚಿ. ನಡುವೆ ಹಗ್ಗದಂತೆ ಏಳುವುದೂ ಒಂದು ರಜ್ಜುವೇ. ಅದಿಲ್ಲದಿದ್ದರೂ ಕೈ ನಡೆಯುತ್ತದೆ. ಕಸಿಗೆ ವೈದ್ಯರು ತೆಗೆದುಕೊಳ್ಳುವುದು ಹೆಚ್ಚಾಗಿ ಅದನ್ನೇ. ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ನನ್ನ ಬಲಗೈಯಲ್ಲಿದೆ, ಎಡಗೈಯಲ್ಲಿಲ್ಲ. ಮನೆಯವರ ಕೈಯನ್ನೆಲ್ಲ ನೋಡಿ ಎಣಿಸಿ.