ಕೆಲಸ ಬಿಟ್ಟವಳು ‘ಓಡಿಹೋದವಳು’ ಹೇಗಾದಳು?

ಕೆಲಸ ಹಿಡಿಸದಿದ್ದರೆ ಬಿಟ್ಟು ಬರುವುದು ದುಡಿಯುವ ಯಾರಿಗೇ ಆಗಲಿ ಇರಲೇಬೇಕಾದ ಹಕ್ಕು. ನಮ್ಮ ತೋವಿನಕೆರೆಯಿಂದ ತುಮಕೂರಿಗೆ ದಿನಾ ಬಸ್ಸು ಹತ್ತಿ ಅಂಗಡಿ ಕೆಲಸಕ್ಕೆ ಹೋಗುವ ಹುಡುಗಿ ‘ನಾಳೆಯಿಂದ ಬರೋದಿಲ್ಲ’ ಎಂದರೆ ಹೆಚ್ಚೆಂದರೆ ಆ ತಿಂಗಳ ಸಂಬಳ ಕೈತಪ್ಪೀತು. ಸಂಜೆ ಅದೇ ಬಸ್ಸಿನಲ್ಲಿ ಮನೆಗೆ ಬರುತ್ತಾಳೆ. ಅವಳನ್ನು ಬಸ್ಸು ಹತ್ತದಂತೆ ತಡೆಯುವ ಅಧಿಕಾರ ಅಂಗಡಿ ಮಾಲೀಕನಿಗಿಲ್ಲ. ಆದರೆ ಕೆಲಸದ ವೀಸಾದ ಮೇಲೆ ಗಲ್ಫ್ ದೇಶಗಳಿಗೆ ಮನೆಗೆಲಸಕ್ಕೆ ಹೋದ ಹೆಣ್ಣಿನ ವಿಷಯವೇ ಬೇರೆ. ಅವಳು ಕೆಲಸ ಬಿಡಬಹುದು, ದೇಶ ಬಿಡಲಾರಳು. ಈ ಅನ್ಯಾಯವನ್ನು ನಾವು ‘ಅದು ಹೊರದೇಶದ ಕಾನೂನು, ನಮಗೇಕೆ’ ಎಂದು ಪಕ್ಕಕ್ಕಿಡುವಂತಿಲ್ಲ. ಇದು ನಾವು ವರ್ಷಗಳಿಂದ ಹೋರಾಡುತ್ತಿರುವ ಕೌಟುಂಬಿಕ ದೌರ್ಜನ್ಯದ ಇನ್ನೊಂದು ಮುಖ ಎಂಬುದೇ ನನ್ನ ವಾದ.

ಅಲ್ಲಿಯ ವ್ಯವಸ್ಥೆಗೆ ‘ಕಫಾಲಾ’ ಎಂದು ಹೆಸರು. ಕೆಲಸಕ್ಕೆ ಕರೆಸಿಕೊಂಡ ಯಜಮಾನನೇ ‘ಕಫೀಲ’, ಅಂದರೆ ಹೊಣೆಗಾರ. ಕೆಲಸಗಾರಳ ವೀಸಾ, ವಾಸದ ಪರವಾನಗಿ ಎಲ್ಲವೂ ಅವನ ಹೆಸರಿಗೆ ಕಟ್ಟಿಕೊಂಡಿರುತ್ತವೆ. ಕೆಲಸ ಬಿಟ್ಟ ಮೇಲೆ ಊರಿಗೆ ಬರಬೇಕಾದರೆ ಪರವಾನಗಿ ರದ್ದಾಗಬೇಕು. ಸೌದಿ ಅರೇಬಿಯಾದಲ್ಲಾದರೆ ಅದರ ಮೇಲೆ ‘ಫೈನಲ್ ಎಕ್ಸಿಟ್’ ಎಂಬ ನಿರ್ಗಮನ ವೀಸಾ ಬೇಕು. ಇದಕ್ಕೆಲ್ಲ ಕೈ ಹಾಕಬೇಕಾದವನು ಅದೇ ಯಜಮಾನ. ಅವನು ಸುಮ್ಮನೆ ಕುಳಿತರೆ ಇವಳ ಪರವಾನಗಿಯ ಅವಧಿ ಮುಗಿಯುತ್ತದೆ, ದಂಡ ಬೆಳೆಯುತ್ತದೆ. ಇವಳು ಬೇಸತ್ತು ಹೊಸಿಲು ದಾಟಿದರೆ ‘ಪರಾರಿಯಾಗಿದ್ದಾಳೆ’ ಎಂದು ದೂರು ಕೊಡುತ್ತಾನೆ. ಸಂಬಳ ಕೊಡದವನು ದೂರುದಾರ, ಸಂಬಳ ಸಿಗದವಳು ಆರೋಪಿ!

ನಮ್ಮ ಸುತ್ತಿನ ಹಳ್ಳಿಯೊಂದರ ಹೆಣ್ಣುಮಗಳೊಬ್ಬಳ ಕತೆ ಹೇಳುತ್ತೇನೆ. ಹೆಸರು, ಊರು, ಅವಳು ಹೋಗಿದ್ದ ದೇಶ ಯಾವುದೂ ಬೇಡ. ಗಂಡ ಬಿಟ್ಟುಹೋದ ಮೇಲೆ ಕೂಲಿ ಮಾಡಿ ಎರಡು ಹೆಣ್ಣುಮಕ್ಕಳನ್ನು ಸಾಕಿದವಳು. ದೊಡ್ಡ ಮಗಳ ಮದುವೆಗೆ ‘ವರೋಪಚಾರ’ದ ಹೆಸರಿನಲ್ಲಿ ಗಂಡಿನ ಕಡೆಯವರು ಕೇಳಿದ ಹಣವನ್ನು ಬಡ್ಡಿಗೆ ತಂದಳು. ಆ ಸಾಲ ತೀರಿಸಲು ಏಜೆಂಟನೊಬ್ಬನ ಮಾತು ನಂಬಿ ವಿಮಾನ ಹತ್ತಿದಳು. ಅಲ್ಲಿ ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ದುಡಿತ. ಮೊದಲ ಮೂರು ತಿಂಗಳು ಸಂಬಳ ಬಂತು, ಆಮೇಲೆ ನಿಂತಿತು. ‘ನಾನು ಊರಿಗೆ ಹೋಗ್ತೀನಿ’ ಎಂದಾಗ ಮನೆಯೊಡತಿ ಹೇಳಿದ್ದು: ‘ನಿನ್ನನ್ನು ತರಿಸಲು ಕೊಟ್ಟ ದುಡ್ಡು ವಾಪಸು ಇಟ್ಟು ಹೋಗು.’ ಪಾಸ್‌ಪೋರ್ಟು ಅವರ ಬೀರುವಿನಲ್ಲಿತ್ತು. ಕೊನೆಗೆ ಹೇಗೋ ನಮ್ಮ ರಾಯಭಾರ ಕಚೇರಿ ಸೇರಿ, ತಿಂಗಳುಗಟ್ಟಲೆ ಕಾದು, ತುರ್ತು ಪ್ರಯಾಣಪತ್ರದ ಮೇಲೆ ಬರಿಗೈಯಲ್ಲಿ ಬಂದಳು.

‘ಅಕ್ಕಾ, ಅಲ್ಲಿ ಅವರು ನನ್ನ ಓಡಿಹೋದವಳು ಅಂತ ಬರೆಸಿದ್ರು. ಇಲ್ಲಿ ಬಂದ್ರೆ ಊರೋರೂ ಅದನ್ನೇ ಅಂತಾರೆ’ ಎಂದಳು ನನ್ನೊಡನೆ.

ಗೆಳತಿಯರೇ, ಈ ಮಾತನ್ನು ನಾವು ಎಲ್ಲಿ ಕೇಳಿದ್ದೇವೆ? ಗಂಡನ ಮನೆಯಲ್ಲಿ ಹೊಡೆತ ತಾಳಲಾರದೆ ತವರಿಗೆ ಬಂದವಳಿಗೂ ಇದೇ ಬಿರುದು. ಅವಳೂ ‘ತಂದ’ ಹೆಣ್ಣು, ಇವಳೂ ‘ತಂದ’ ಹೆಣ್ಣು. ಅವಳ ಒಡವೆ ಅತ್ತೆಯ ಪೆಟ್ಟಿಗೆಯಲ್ಲಿ, ಇವಳ ಪಾಸ್‌ಪೋರ್ಟು ಒಡತಿಯ ಬೀರುವಿನಲ್ಲಿ. ಇಬ್ಬರಿಗೂ ದುಡಿಯುವ ಜಾಗವೇ ಮಲಗುವ ಜಾಗ. ಅಲ್ಲಿಂದ ಹೊರಬಿದ್ದ ಗಳಿಗೆಯಲ್ಲಿ ಸೂರೂ ಹೋಯಿತು, ಮಾನವೂ ಹೋಯಿತು. ನಾಲ್ಕು ಗೋಡೆಯ ಒಳಗೆ ನಡೆದದ್ದಕ್ಕೆ ಸಾಕ್ಷಿಯಿಲ್ಲ. ‘ಮನೆ ಅಂದಮೇಲೆ ಇದೆಲ್ಲ ಇದ್ದದ್ದೇ, ಹೊಂದಿಕೊಂಡು ಹೋಗು’ ಎಂಬ ಬುದ್ಧಿಮಾತು ಇಬ್ಬರಿಗೂ ಒಂದೇ.

ಮತ್ತೆ ಇವರಿಬ್ಬರನ್ನು ಕಟ್ಟಿಹಾಕಿದ ಹಗ್ಗ ಯಾವುದು? ವರದಕ್ಷಿಣೆ. ಮಗಳ ಮದುವೆಯ ಸಾಲ ತಲೆಯ ಮೇಲಿರುವಾಗ ತಾಯಿ ಯಾವ ಧೈರ್ಯದಿಂದ ಕೆಲಸ ಬಿಟ್ಟಾಳು? ಅಲ್ಲಿಯ ಕಫೀಲ ಅವಳನ್ನು ಹಿಡಿದಿಟ್ಟುಕೊಂಡದ್ದು ನಿಜ. ಆದರೆ ಅವಳ ಬೆನ್ನ ಮೇಲೆ ಮೊದಲು ಭಾರ ಹೊರಿಸಿದವರು ಇಲ್ಲಿಯ ಬೀಗರು. 1961ರಲ್ಲೇ ವರದಕ್ಷಿಣೆ ನಿಷೇಧವಾಗಿದೆ. ಮುಂಗಡ ಸಾಲಕ್ಕೆ ಮನುಷ್ಯರನ್ನು ದುಡಿಸುವ ಜೀತ 1976ರಲ್ಲಿ ರದ್ದಾಗಿದೆ. ರದ್ದಾದ ಎರಡು ಪಿಡುಗುಗಳು ಕೈಜೋಡಿಸಿ ನಮ್ಮ ಹೆಂಗಸರನ್ನು ವಿಮಾನ ಹತ್ತಿಸುತ್ತಿವೆ.

ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ಗಂಡ ಮತ್ತವನ ಬಂಧುಗಳ ಕ್ರೌರ್ಯವನ್ನು ಅಪರಾಧವೆಂದ 498ಎ ಕಲಮು ಜಾರಿಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ಹೊರದೇಶದ ದುಡಿಮೆಗೆ ಹೋಗುವವರ ರಕ್ಷಣೆಗೆಂದು ಮಾಡಿದ ವಲಸೆ ಕಾಯ್ದೆ ಜಾರಿಗೆ ಬಂದದ್ದೂ ಅದೇ ಡಿಸೆಂಬರಿನಲ್ಲಿ. ಮೊದಲನೆಯದು ನಮ್ಮ ಚಳವಳಿಯ ಕೂಸು. ಅದನ್ನು ಬಳಸಿದೆವು, ಅದರ ಮೇಲೆ ದಾಳಿಯಾದಾಗ ಕಾಪಾಡಿದೆವು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಣ್ಣಿಗೆ ಕೂಡಿ ಬಾಳಿದ ಮನೆಯಲ್ಲಿ ವಾಸದ ಹಕ್ಕನ್ನೂ ಕೊಟ್ಟಿತು. ಎರಡನೆಯ ಕಾಯ್ದೆಯನ್ನು ಮಾತ್ರ ನಾವು ಪಾಸ್‌ಪೋರ್ಟ್ ಕಚೇರಿಯ ವಿಷಯವೆಂದು ಬಿಟ್ಟೆವು.

ಅದರ ಅಡಿಯಲ್ಲಿ ಸರ್ಕಾರ ಮಾಡಿದ್ದೇನು? ಹತ್ತನೇ ತರಗತಿ ಮುಗಿಸದ ಹೆಂಗಸು ಮೂವತ್ತು ವರ್ಷ ತುಂಬುವ ಮುಂಚೆ ಗಲ್ಫ್‌ಗೆ ಮನೆಗೆಲಸಕ್ಕೆ ಹೋಗಕೂಡದು ಎಂದಿತು. 2016ರಲ್ಲಿ ಇಂಥವರ ನೇಮಕ ಸರ್ಕಾರಿ ಏಜೆನ್ಸಿಗಳ ಮೂಲಕವೇ ಆಗಬೇಕೆಂದಿತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಹಸಿವಿಗೆ ವಯಸ್ಸಿನ ಮಿತಿ ಇದೆಯೇ? ಮುಂಬಾಗಿಲು ಮುಚ್ಚಿದಾಗ ಏಜೆಂಟರು ಹಿತ್ತಿಲ ಬಾಗಿಲು ತೆರೆದರು. ವಿಸಿಟ್ ವೀಸಾದ ಮೇಲೆ ಕಳಿಸಿದವಳಿಗೆ ಕರಾರುಪತ್ರವೇ ಇಲ್ಲ. ದಾಖಲೆಯಲ್ಲಿ ಕೆಲಸಗಾರಳೇ ಅಲ್ಲದವಳು ಯಾವ ಕೆಲಸಕ್ಕೆ ರಾಜೀನಾಮೆ ಕೊಡಬೇಕು? ಹೆಣ್ಣನ್ನು ಮನೆಯಲ್ಲಿ ಕೂಡಿಹಾಕುವುದೇ ರಕ್ಷಣೆ ಎನ್ನುವ ಹಳೆಯ ಯೋಚನೆಯೇ ಇಲ್ಲಿ ಸರ್ಕಾರಿ ಆದೇಶದ ವೇಷ ತೊಟ್ಟಿದೆ. ಹೋಗುವ ಬಾಗಿಲು ಮುಚ್ಚುವುದಲ್ಲ, ಹಿಂದಿರುಗುವ ಬಾಗಿಲು ತೆರೆಸುವುದು ಸರ್ಕಾರದ ಕೆಲಸ.

ಅದು ಆಗದ ಕೆಲಸವೇನೂ ಅಲ್ಲ. ಕತಾರ್ 2018ರಲ್ಲಿ ಹೆಚ್ಚಿನ ಕೆಲಸಗಾರರಿಗೆ ನಿರ್ಗಮನ ಪರವಾನಗಿಯನ್ನು ತೆಗೆದುಹಾಕಿತು. 2020ರಲ್ಲಿ ಮನೆಗೆಲಸದವರಿಗೂ ಅದನ್ನು ವಿಸ್ತರಿಸಿತು. ಅವರು ಹೊರಡುವ 72 ಗಂಟೆ ಮೊದಲು ಯಜಮಾನನಿಗೆ ತಿಳಿಸಬೇಕು, ಅಷ್ಟೇ. ಸೌದಿ ಅರೇಬಿಯಾ 2021ರ ಮಾರ್ಚಿನಲ್ಲಿ ಯಜಮಾನನ ಒಪ್ಪಿಗೆಯಿಲ್ಲದೆ ದೇಶ ಬಿಡುವ ಅವಕಾಶ ತಂದಿತು. ಆದರೆ ಆ ಸುಧಾರಣೆಯಿಂದ ಹೊರಗುಳಿದವರು ಯಾರು? ಮನೆಗೆಲಸದವರು! ಇನ್ನು ಕುವೈತ್ 2025ರ ಜುಲೈಯಿಂದ ಖಾಸಗಿ ವಲಯದ ವಿದೇಶಿ ಕೆಲಸಗಾರರಿಗೆ ನಿರ್ಗಮನ ಪರವಾನಗಿಯನ್ನು ಹೊಸದಾಗಿ ಕಡ್ಡಾಯ ಮಾಡಿ ಹಿಂದಕ್ಕೆ ಹೆಜ್ಜೆಯಿಟ್ಟಿತು. ಸುಧಾರಣೆ ಬಂದರೆ ಹೆಂಗಸಿನ ಸರದಿ ಕೊನೆಯದು ಎಂಬುದು ಅಡುಗೆಮನೆಯ ಊಟದ ಪಂಕ್ತಿಯಿಂದ ಹಿಡಿದು ಅರಮನೆಯ ಕಾನೂನಿನವರೆಗೆ ನಿಜ. ಮನೆಗೆಲಸದವರೂ ಕಾರ್ಮಿಕರೇ ಎಂದು ಸಾರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆ ಬಂದದ್ದು 2011ರಲ್ಲಿ. ಅದನ್ನು ಭಾರತವೇ ಅನುಮೋದಿಸಿಲ್ಲ. ನಮ್ಮ ಮನೆಗೆಲಸದವಳನ್ನು ನಾವೇ ಕಾರ್ಮಿಕಳೆಂದು ಒಪ್ಪದೆ ಅರಬರಿಗೆ ಯಾವ ಬಾಯಿಂದ ಕೇಳುವುದು?

ಇದು ಓದುಬರಹವಿಲ್ಲದ ಬಡವರ ಪಾಡು ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಎಚ್-1ಬಿ ವೀಸಾದ ಎಂಜಿನಿಯರು ಕೆಲಸ ಬಿಟ್ಟರೆ 2017ರಿಂದೀಚೆಗೆ ಅವನಿಗೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ದಾರಿಯಾಗದಿದ್ದರೆ ಹೆಂಡತಿಯೂ ಗಂಟುಮೂಟೆ ಕಟ್ಟಬೇಕು. ಅವನು ಹೊಡೆದನೆಂದು ವಿಚ್ಛೇದನ ಪಡೆದರೆ ಅವನನ್ನೇ ಅವಲಂಬಿಸಿದ ಅವಳ ಎಚ್-4 ವೀಸಾ ಅಲ್ಲಿಗೇ ಮುಗಿಯಿತು. ಲಕ್ಷಗಟ್ಟಲೆ ವರದಕ್ಷಿಣೆ ಸುರಿದು ‘ಅಮೆರಿಕದ ಅಳಿಯ’ನನ್ನು ತಂದ ತಂದೆತಾಯಿಯರು, ಮಗಳ ತಾಳಿಯ ಜೊತೆಗೆ ವೀಸಾವನ್ನೂ ಅವನ ಕೈಗೇ ಕೊಟ್ಟೆವೆಂಬುದನ್ನು ಯೋಚಿಸುತ್ತಾರೆಯೇ?

ಹಾಗಾದರೆ ನಾವೇನು ಮಾಡಬೇಕು? ದೆಹಲಿಯತ್ತ ನೋಡುವ ಮೊದಲು ಊರಿನಲ್ಲೇ ಮಾಡಬೇಕಾದದ್ದಿದೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಹೊರದೇಶಕ್ಕೆ ಹೋದ ಹೆಣ್ಣುಮಕ್ಕಳ ಒಂದು ಪುಸ್ತಕವಿರಲಿ: ಯಾರು, ಯಾವ ದೇಶ, ಯಾವ ವೀಸಾ, ಕಳಿಸಿದವರು ಯಾರು. ಹೊರಡುವವಳ ಪಾಸ್‌ಪೋರ್ಟು, ವೀಸಾ, ಕರಾರುಪತ್ರದ ನಕಲನ್ನು ಮಹಿಳಾ ಸಂಘದಲ್ಲಿ ಇಟ್ಟುಕೊಳ್ಳೋಣ. ಕರಾರನ್ನು ಕನ್ನಡದಲ್ಲಿ ಓದಿ ಹೇಳದ ಹೊರತು ಹೆಬ್ಬೆಟ್ಟು ಒತ್ತಬೇಡ ಎಂದು ತಿಳಿಸೋಣ. ಪಾಸ್‌ಪೋರ್ಟು ಯಜಮಾನನದಲ್ಲ, ಏಜೆಂಟನದೂ ಅಲ್ಲ. 1967ರ ಕಾಯ್ದೆಯ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು ಎಂಬುದು ಅವಳಿಗೆ ಬಾಯಿಪಾಠವಾಗಿರಲಿ. ಸಂಕಷ್ಟದಲ್ಲಿರುವವರ ಟಿಕೆಟ್ಟಿಗೆ, ತಂಗಲು ಜಾಗಕ್ಕೆ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. 2015ರಿಂದ ವಿದೇಶಾಂಗ ಇಲಾಖೆಗೆ ‘ಮದದ್’ ಮೂಲಕ ಊರಿನಿಂದಲೇ ದೂರು ಕೊಡಬಹುದು. ಇದು ಭಿಕ್ಷೆಯಲ್ಲ, ಹಕ್ಕು.

ಹಿಂದಿರುಗಿ ಬಂದವಳನ್ನು ‘ಎಷ್ಟು ತಂದೆ?’ ಎಂದಾಗಲಿ, ‘ಅಲ್ಲಿ ಏನು ಮಾಡಿದೆ?’ ಎಂದಾಗಲಿ ಕೇಳುವ ಬಾಯಿಗಳನ್ನು ಮುಚ್ಚಿಸುವುದೂ ನಮ್ಮ ಹೋರಾಟವೇ. ಅವಳ ಎರಡನೇ ಮಗಳು ಈಗ ಪಿಯುಸಿ ಓದುತ್ತಿದ್ದಾಳೆ. ಆ ಹುಡುಗಿಯ ಮದುವೆಗೆ ಒಂದು ಪೈಸೆಯೂ ಕೊಡುವುದಿಲ್ಲ, ಸಾಲವನ್ನೂ ತರುವುದಿಲ್ಲ ಎಂದು ತಾಯಿ ಸಂಘದ ಸಭೆಯಲ್ಲಿ ಎದ್ದು ಹೇಳಿದ್ದಾಳೆ. ಅವಳೊಬ್ಬಳೇ ಹೇಳಿದರೆ ಅದು ಹಟ ಎನಿಸಿಕೊಳ್ಳುತ್ತದೆ. ನಾವೆಲ್ಲರೂ ಹೇಳಿದರೆ ಅದೇ ಊರಿನ ಕಟ್ಟಳೆಯಾಗುತ್ತದೆ.