ಲಗ್ನದ ಮೆರವಣಿಗೆಗೆ ಪಿಸ್ತೂಲು ಬೇಡ

ಲಗ್ನದ ದಿನಗಳು ಬಂದವೆಂದರೆ ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮ ಮನೆಗಳಿಂದ ಅಫಜಲಪುರ, ಇಂಡಿ, ವಿಜಯಪುರದ ಬೀಗರ ಮನೆಗಳಿಗೆ ಓಡಾಟ ಶುರುವಾಗುತ್ತದೆ. ಹೆಣ್ಣು ಕೊಡುವಾಗ, ತರುವಾಗ ನಾವು ಗಡಿ ನೋಡುವುದಿಲ್ಲ. ಆದರೆ ಪಿಸ್ತೂಲಿನ ಪರವಾನಗಿಗೆ ಗಡಿ ಇದೆ. ಅದರಲ್ಲಿ ಮಹಾರಾಷ್ಟ್ರ ಎಂದಷ್ಟೇ ಬರೆದಿದ್ದರೆ, ಆ ಆಯುಧ ಕಟ್ಟಿಕೊಂಡು ಕರ್ನಾಟಕದ ಮದುವೆಗೆ ಹೋಗುವುದು ಅಪರಾಧ.

ಅದಕ್ಕಿಂತ ದೊಡ್ಡ ಮಾತು, ಸಂಭ್ರಮಕ್ಕೆ ಗುಂಡು ಹಾರಿಸುವುದು. 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆಯ ಪ್ರಕಾರ ಮದುವೆ, ಜಾತ್ರೆ, ಸಭೆಗಳಲ್ಲಿ ಹೀಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪರವಾನಗಿ ಇದೆ ಎಂಬುದು ಇಲ್ಲಿ ನೆಪವಾಗದು.

ಕಾನೂನು ಇಷ್ಟು ಬಿಗಿ ಏಕೆ? ಗುಂಡು ಮುಂದಕ್ಕೆ ಚಿಮ್ಮಿದಾಗ ಪಿಸ್ತೂಲು ಹಿಂದಕ್ಕೆ ಒದೆಯುತ್ತದೆ. ನಳಿಗೆ ಹಿಡಿಕೆಗಿಂತ ಮೇಲಿರುವುದರಿಂದ ಬಾಯಿ ಮೇಲಕ್ಕೆ ಎಗರುತ್ತದೆ. ಪಿಸ್ತೂಲು ಹಗುರವಾದಷ್ಟೂ ಒದೆತ ಜೋರು. ಪಳಗಿದವರು ಎರಡೂ ಕೈಯಿಂದ ಹಿಡಿಕೆಯನ್ನು ಎತ್ತರಕ್ಕೆ ಹಿಡಿದು, ಮಣಿಕಟ್ಟು ಬಿಗಿಮಾಡಿ, ಮೈಯನ್ನು ತುಸು ಮುಂದಕ್ಕೆ ಬಾಗಿಸಿ ನಿಲ್ಲುತ್ತಾರೆ. ಮೆರವಣಿಗೆಯಲ್ಲಿ ಕುಣಿಯುವವನು ಒಂದೇ ಕೈ ಎತ್ತಿರುತ್ತಾನೆ. ಮೊದಲ ಗುಂಡು ಆಕಾಶಕ್ಕೆ ಹೋದರೂ ಎರಡನೆಯದು ಎಲ್ಲಿಗೆ ಹೋಗುತ್ತದೆಂದು ಅವನಿಗೇ ತಿಳಿಯದು. ಮೇಲೆ ಹೋದದ್ದೂ ಯಾರದೋ ತಲೆಯ ಮೇಲೆ ಬೀಳಬಹುದು.

ಕಾಡತೂಸಿನಲ್ಲೂ ಮೋಸ ಹೋಗುವವರಿದ್ದಾರೆ. ನಮ್ಮಲ್ಲಿ ಪರವಾನಗಿದಾರರ ಬಳಿ ಹೆಚ್ಚಾಗಿ ಕಾಣುವುದು .32 ರಿವಾಲ್ವರ್ ಮತ್ತು .32 ಪಿಸ್ತೂಲು. ಸಂಖ್ಯೆ ಒಂದೇ, ಕಾಡತೂಸು ಬೇರೆ: ರಿವಾಲ್ವರಿನದು 23 ಮಿ.ಮೀ. ಉದ್ದದ ಕೋಶ, ಪಿಸ್ತೂಲಿನದು 17 ಮಿ.ಮೀ. ಅಣ್ಣನ ಡಬ್ಬಿಯಿಂದ ತಮ್ಮ ಎರವಲು ತರುವ ವಸ್ತು ಇದಲ್ಲ. ಆಯುಧದ ಮೇಲಿನ ಗುರುತು, ಕಾಡತೂಸಿನ ಗುರುತು ಎರಡೂ ಹೊಂದಬೇಕು. ತುಕ್ಕು ಹಿಡಿದದ್ದು, ನೆಗ್ಗಿದ್ದು, ತೇವ ತಾಗಿದ್ದು ಬಳಸಬಾರದು. ಟ್ರಿಗರ್ ಒತ್ತಿದಾಗ ಸದ್ದು ಕ್ಷೀಣವಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಮತ್ತೆ ಹಾರಿಸಿದರೆ ನಳಿಗೆ ಸೀಳಿ ಕೈಯೇ ಹೋದೀತು.

ಆಯುಧದ ಅಭಿಮಾನ ನಮಗೆ ಹೊಸದಲ್ಲ. ಅಕ್ಕಲಕೋಟೆ ಅರಮನೆಯ ಶಸ್ತ್ರಾಗಾರವನ್ನು ಕಂಡವರು ನಾವು. ದಸರೆಗೆ ಆಯುಧಪೂಜೆ ಮಾಡುವವರು. ಗುರಿಯ ಹುಚ್ಚಿರುವ ಹುಡುಗರಿಗೆ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಇದ್ದಾರೆ: 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀ. ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದವರು. ಕಲಿಯುವವರು ತರಬೇತುದಾರರ ಕಣ್ಣೆದುರು, ಒದೆತ ಬಹಳ ಕಡಿಮೆಯಿರುವ 10 ಮೀ. ಏರ್ ಪಿಸ್ತೂಲಿನಿಂದ ಶುರುಮಾಡಲಿ.

ಸದಸ್ಯರಲ್ಲಿ ನಮ್ಮ ವಿನಂತಿ ಒಂದೇ. ಈ ಸಲ ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ ಕನ್ನಡದಲ್ಲೂ ಮರಾಠಿಯಲ್ಲೂ ಒಂದು ಸಾಲು ಸೇರಿಸಿ: ‘ದಯವಿಟ್ಟು ಆಯುಧ ತರಬೇಡಿ.’ ಬೀಗರು ಬೇಸರಪಟ್ಟರೆ ಪಡಲಿ. ಅಕ್ಷತೆ ಬೀಳಬೇಕಾದ ತಲೆಯ ಮೇಲೆ ಗುಂಡು ಬೀಳುವುದು ಬೇಡ.