ನೆರೆಯವನಿಗೆ ನೆಲೆಯಿಲ್ಲದ ಊರು

ಊರಿನ ಕೆಲಸಕ್ಕೆ ಬೇಕಾದವನು ಊರಿನ ವಾಸಕ್ಕೆ ಬೇಡವೆನ್ನಬಹುದೇ? ಅಮೇರಿಕಾ ಸಂಯುಕ್ತ ಸಂಸ್ಥಾನದ ನ್ಯೂಜೆರ್ಸಿ ಪ್ರಾಂತದಲ್ಲಿ ಐವತ್ತು ವರ್ಷಗಳಿಗೂ ಮೀರಿ ನಡೆದುಬಂದಿರುವ ವಿವಾದದ ಸಾರವೆಲ್ಲವೂ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ಧನಿಕರು ನೆಲೆಸಿರುವ ಉಪನಗರಗಳಲ್ಲಿ ಅಲ್ಪ ವರಮಾನದವರಿಗಾಗಿ ಸರಕಾರದ ನೆರವಿನಿಂದ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿಸಬೇಕೆಂದು ಒಂದು ಪಕ್ಷ. ಕಟ್ಟಿಸಿದರೆ ಊರು ಕೆಡುವುದೆಂದು ಇನ್ನೊಂದು ಪಕ್ಷ. ೨೦೨೪ರ ಮಾರ್ಚಿ ತಿಂಗಳಲ್ಲಿ ಆಗಿನ ಗವರ್ನರರಾದ ಫಿಲ್ ಮರ್ಫಿಯವರು ಹೊಸ ಕಾಯಿದೆಯೊಂದಕ್ಕೆ ಅಂಕಿತ ಹಾಕಿ, ೨೦೨೫ರಿಂದ ಮುಂದಿನ ಹತ್ತು ವರ್ಷಗಳಲ್ಲಿ ಪ್ರತಿಯೊಂದು ಊರೂ ಹೊರಬೇಕಾದ ಪಾಲನ್ನು ಗೊತ್ತುಪಡಿಸುವ ಕ್ರಮವನ್ನು ವಿಧಿಸಿದರು. ಅದೇ ವರ್ಷ ಮಾಂಟ್‌ವೇಲ್ ಮೊದಲಾದ ಹಲವು ಊರುಗಳು ಒಟ್ಟುಗೂಡಿ ಆ ಕಾಯಿದೆಯ ವಿರುದ್ಧ ನ್ಯಾಯಸ್ಥಾನದ ಮೆಟ್ಟಿಲೇರಿದುವು. ದೂರದೇಶದ ಈ ವ್ಯಾಜ್ಯವು ನಮಗೇಕೆಂದು ವಾಚಕರು ಕೇಳಬಹುದು. ನಮ್ಮ ನಾಡಿನ ಅನೇಕ ಮನೆತನಗಳ ಮಕ್ಕಳು ಇಂದು ಅದೇ ಪ್ರಾಂತದಲ್ಲಿ ಮನೆ ಕೊಂಡು ನೆಲೆಸಿರುವರು. ಅಲ್ಲಿಯ ಪೌರರಾದವರಿಗೆ ಈ ವಿಷಯದಲ್ಲಿ ಮತವೂ ಉಂಟು. ಆದುದರಿಂದ ಇದನ್ನು ಕುರಿತು ಎರಡು ಮಾತು ಹೇಳುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇವೆ.

ವಿವಾದದ ಮೂಲವು ಮೌಂಟ್ ಲಾರೆಲ್ ಎಂಬ ಊರಿನಲ್ಲಿದೆ. ಫಿಲಡೆಲ್ಫಿಯಾ, ಕ್ಯಾಮ್ಡೆನ್ ನಗರಗಳಿಗೆ ಸಮೀಪವಿರುವ ಈ ಊರು ಮೊದಲು ಬೇಸಾಯಗಾರರ ಬೀಡಾಗಿತ್ತು. ಆಫ್ರಿಕಾ ಮೂಲದ ಹಲವು ಕುಟುಂಬಗಳು ಅಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿದ್ದುವು. ಹೆದ್ದಾರಿಗಳು ಬಂದ ಮೇಲೆ ನಗರದ ಸ್ಥಿತಿವಂತರು ಇತ್ತ ಸಾಗಿಬಂದರು; ನೆಲದ ಬೆಲೆ ಏರಿತು. ಕೋಳಿಗೂಡುಗಳನ್ನೇ ಮನೆಯಾಗಿ ಮಾರ್ಪಡಿಸಿಕೊಂಡು ಬಡವರು ಬದುಕುತ್ತಿದ್ದ ತಾಣಗಳನ್ನು ಅಧಿಕಾರಿಗಳು ವಾಸಕ್ಕೆ ಅಯೋಗ್ಯವೆಂದು ಸಾರಿದರೇ ಹೊರತು ಬದಲಿ ನೆಲೆಯನ್ನು ಒದಗಿಸಲಿಲ್ಲ. ಆಗ ಎಥೆಲ್ ಲಾರೆನ್ಸ್ ಎಂಬ ಮಹಿಳೆ ಮತ್ತು ಆಕೆಯ ನೆರೆಯವರು ಕೇವಲ ೩೬ ಬಾಡಿಗೆ ಮನೆಗಳನ್ನು ಕಟ್ಟಲು ಅನುಮತಿ ಬೇಡಿದರು. ೧೯೭೦ರಲ್ಲಿ ಅವರ ಪ್ರಾರ್ಥನಾಮಂದಿರಕ್ಕೇ ಬಂದ ಪುರಾಧ್ಯಕ್ಷರು, ಈ ಊರಿನಲ್ಲಿರುವ ಶಕ್ತಿ ನಿಮಗಿಲ್ಲದಿದ್ದರೆ ಊರು ಬಿಟ್ಟು ಹೋಗಬೇಕಾದೀತೆಂಬ ಅರ್ಥದ ಉತ್ತರವನ್ನು ಕೊಟ್ಟರು. ತಲೆತಲಾಂತರದಿಂದ ಅಲ್ಲಿದ್ದವರಿಗೆ ನಿನ್ನೆ ಮೊನ್ನೆ ಬೆಳೆದ ಉಪನಗರದ ಮುಖಂಡರು ಹೇಳಿದ ಮಾತಿದು! ೧೯೭೧ರಲ್ಲಿ ವ್ಯಾಜ್ಯವು ನ್ಯಾಯಸ್ಥಾನವನ್ನು ಮುಟ್ಟಿತು.

ಹೊರಗಿಡುವ ಕೆಲಸವು ನಡೆಯುವ ಬಗೆಯನ್ನು ಇಲ್ಲಿ ಗಮನಿಸಬೇಕು. ಇಂಥ ಜನಾಂಗದವನು ಬರಕೂಡದೆಂದು ಯಾವ ನಿಬಂಧನೆಯಲ್ಲಿಯೂ ಬರೆದಿರುವುದಿಲ್ಲ. ಮನೆಯೆಂದರೆ ಒಂದೊಂದು ಕುಟುಂಬಕ್ಕೆ ಒಂದೊಂದು ಬಿಡಿ ಕಟ್ಟಡವೇ ಆಗಿರಬೇಕು. ನಿವೇಶನವು ಇಷ್ಟಕ್ಕಿಂತ ಕಿರಿದಾಗಿರಬಾರದು. ಒಂದೇ ಸೂರಿನ ಕೆಳಗೆ ಹಲವು ಮನೆಗಳಿರಬಾರದು ಎಂದಷ್ಟೇ ಬರೆದಿರುತ್ತದೆ. ಅಷ್ಟರಿಂದಲೇ ಬಡವನು ಹೊರಗುಳಿಯುತ್ತಾನೆ. ಸಾಮೂಹಿಕ ವಸತಿಗೆ ಮೌಂಟ್ ಲಾರೆಲ್ಲಿನವರು ಒಮ್ಮೆ ಒಪ್ಪಿದಾಗಲೂ, ಹತ್ತು ಮನೆಗಳಿಗೆ ಮೂವರಿಗಿಂತ ಹೆಚ್ಚು ಮಕ್ಕಳು ಶಾಲೆಗೆ ಬಂದರೆ ಅವರ ವಿದ್ಯಾಭ್ಯಾಸದ ವೆಚ್ಚವನ್ನು ಕಟ್ಟಿಸಿದವನೇ ತೆರಬೇಕೆಂಬ ಕರಾರನ್ನು ಹಾಕಿದ್ದರು. ಏಕೆಂದರೆ ಆ ದೇಶದಲ್ಲಿ ಶಾಲೆಗಳ ಖರ್ಚಿನ ದೊಡ್ಡ ಭಾಗವು ಊರಿನ ಮನೆಕಂದಾಯದಿಂದ ಹುಟ್ಟಬೇಕು. ಹೀಗಾಗಿ ಕಡಿಮೆ ಬೆಲೆಯ ಮನೆಯಿಂದ ಬರುವ ಮಗುವು ಊರಿನ ಲೆಕ್ಕದ ಪುಸ್ತಕದಲ್ಲಿ ನಷ್ಟದ ಬಾಬಾಗಿ ಕಾಣುತ್ತದೆ. ಊರು ಬೇರೆ, ಕೇರಿ ಬೇರೆ ಎಂಬ ವ್ಯವಸ್ಥೆಯ ಪಾಪವನ್ನು ಬಲ್ಲ ನಮಗೆ ಇದರ ಒಳಮರ್ಮವು ಹೊಸದಲ್ಲ. ನಮ್ಮಲ್ಲಿ ಜಾತಿಯ ಹೆಸರಿನಲ್ಲಿ ಎಳೆದ ಗೆರೆಯನ್ನು ಅಲ್ಲಿ ನಿವೇಶನದ ಅಳತೆಯ ಹೆಸರಿನಲ್ಲಿ ಎಳೆದರು, ಅಷ್ಟೆ.

೧೯೭೫ರಲ್ಲಿ ಪ್ರಾಂತದ ಶ್ರೇಷ್ಠ ನ್ಯಾಯಸ್ಥಾನವು ಕೊಟ್ಟ ತೀರ್ಪು ಈ ಗೆರೆಯ ಬುಡಕ್ಕೇ ಕೈಹಾಕಿತು. ಬೆಳೆಯುತ್ತಿರುವ ಪ್ರತಿಯೊಂದು ಊರೂ ತನ್ನ ಸುತ್ತಣ ಪ್ರದೇಶದ ಬಡವರ ವಸತಿಯ ಅಗತ್ಯದಲ್ಲಿ ನ್ಯಾಯವಾದ ಪಾಲನ್ನು ಹೊರತಕ್ಕದ್ದೆಂದು ನ್ಯಾಯಮೂರ್ತಿ ಫ್ರೆಡರಿಕ್ ಹಾಲ್ ಅವರು ವಿಧಿಸಿದರು. ಊರುಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ೧೯೮೩ರಲ್ಲಿ ಮುಖ್ಯ ನ್ಯಾಯಮೂರ್ತಿ ರಾಬರ್ಟ್ ವಿಲೆಂಟ್ಜ್ ಅವರು ಇನ್ನಷ್ಟು ಬಿಗಿಯಾದ ತೀರ್ಪನ್ನಿತ್ತು, ಊರು ಹಠ ಹಿಡಿದರೆ ಕಟ್ಟುವವನಿಗೆ ನ್ಯಾಯಸ್ಥಾನವೇ ಅನುಮತಿ ಕೊಡಬಹುದೆಂದು ಸಾರಿದರು. ಶಾಸನಸಭೆಯು ೧೯೮೫ರಲ್ಲಿ ಕಾಯಿದೆ ಮಾಡಿತಾದರೂ, ಅದರಲ್ಲಿ ಒಂದು ಕಿಂಡಿಯನ್ನೂ ಬಿಟ್ಟಿತು: ಧನಿಕ ಊರು ತನ್ನ ಪಾಲಿನ ಅರ್ಧದವರೆಗೆ ಮತ್ತೊಂದು ಊರಿಗೆ ಹಣ ಕೊಟ್ಟು ಸಾಗಹಾಕಬಹುದಾಗಿತ್ತು. ದಾನದ ವೇಷ ತೊಟ್ಟ ಈ ಬಹಿಷ್ಕಾರವು ೨೦೦೮ರಲ್ಲಿ ರದ್ದಾಗುವವರೆಗೂ ನಡೆಯಿತು.

ಈಗ ವಿರೋಧಪಕ್ಷದ ವಾದಗಳನ್ನು ಪರಿಶೀಲಿಸೋಣ. ಬಡವರು ಬಂದರೆ ಮನೆಗಳ ಬೆಲೆ ಕುಸಿಯುವುದು, ಕಳ್ಳತನ ಹೆಚ್ಚುವುದು, ಕಂದಾಯ ಏರುವುದೆಂಬುದು ಮೊದಲನೆಯ ವಾದ. ಇದು ಊಹೆಯ ಮಾತಾಗಿದ್ದ ಕಾಲವೊಂದಿತ್ತು. ಈಗ ಪರೀಕ್ಷೆ ನಡೆದುಹೋಗಿದೆ. ಎಥೆಲ್ ಲಾರೆನ್ಸ್ ಅವರು ೧೯೯೪ರಲ್ಲಿ ತೀರಿಕೊಂಡರು. ಅವರ ಹೆಸರನ್ನು ಹೊತ್ತ ಬಾಡಿಗೆ ಮನೆಗಳು ೨೦೦೦ದ ಸುಮಾರಿಗೆ ಅದೇ ಮೌಂಟ್ ಲಾರೆಲ್ಲಿನಲ್ಲಿ ಎದ್ದು, ಕ್ರಮೇಣ ೧೪೦ ಆದುವು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಡಗ್ಲಸ್ ಮ್ಯಾಸ್ಸಿ ಮತ್ತು ಅವರ ಸಹೋದ್ಯೋಗಿಗಳು ಈ ವಸತಿಯನ್ನು ಕುರಿತು ನಡೆಸಿದ ಸಂಶೋಧನೆಯು ೨೦೧೩ರಲ್ಲಿ ಗ್ರಂಥವಾಗಿ ಹೊರಬಂದಿತು. ನೆರೆಯ ಊರುಗಳೊಡನೆ ಹೋಲಿಸಿ ನೋಡಲಾಗಿ, ಮನೆಗಳ ಬೆಲೆಯಲ್ಲಿಯಾಗಲಿ, ಅಪರಾಧಗಳಲ್ಲಿಯಾಗಲಿ, ಕಂದಾಯದಲ್ಲಿಯಾಗಲಿ ಈ ವಸತಿಯಿಂದ ಯಾವ ಕೇಡೂ ಕಂಡುಬರಲಿಲ್ಲ. ಪಕ್ಕದಲ್ಲಿಯೇ ಇದ್ದ ಅನೇಕರಿಗೆ ಇಂಥ ವಸತಿಯೊಂದು ಇರುವುದೇ ತಿಳಿದಿರಲಿಲ್ಲ! ಒಳಗೆ ಬಂದವರ ಸ್ಥಿತಿಯನ್ನು, ಅರ್ಜಿ ಹಾಕಿ ಇನ್ನೂ ಮನೆ ದೊರೆಯದವರ ಸ್ಥಿತಿಯೊಡನೆ ತೂಗಿ ನೋಡಿದರೆ, ಬಂದವರ ದುಡಿಮೆ ಹೆಚ್ಚಿತ್ತು. ಅವರ ಮಕ್ಕಳಿಗೆ ಉತ್ತಮ ಶಾಲೆಯೂ ಓದಿಗೆ ನೆಮ್ಮದಿಯ ಮೂಲೆಯೂ ದೊರೆತಿದ್ದುವು. ಮೂವತ್ತು ವರ್ಷ ಊರನ್ನು ಕಾಡಿದ ಭಯವು ಹಗ್ಗವನ್ನು ಹಾವೆಂದು ಭ್ರಮಿಸಿದ ಭಯವೇ ಆಗಿತ್ತು.

ದುಡಿದು ಬಂದವರ ನಡುವೆ ದುಡಿಯದವನನ್ನು ಪರರ ಹಣದಿಂದ ತಂದಿರಿಸುವುದು ಅನ್ಯಾಯವೆಂಬುದು ಎರಡನೆಯ ವಾದ. ಇದನ್ನು ಆಡುವವರು ಮುಂಜಾನೆ ತಮ್ಮ ಬೀದಿಯಲ್ಲಿ ಒಂದು ಗಳಿಗೆ ನಿಂತು ನೋಡಲಿ. ಅಂಗಡಿಯ ನೌಕರ, ಆಸ್ಪತ್ರೆಯ ಪರಿಚಾರಿಕೆ, ಶಾಲೆಯ ಬಸ್ಸು ನಡೆಸುವವ, ವೃದ್ಧರ ಆರೈಕೆ ಮಾಡುವವಳು, ಇವರೆಲ್ಲ ದೂರದಿಂದ ಬಂದು ಕತ್ತಲಾದ ಮೇಲೆ ಮರಳುವವರು. ದುಡಿಯದಿರುವುದು ಇವರ ದೋಷವಲ್ಲ; ಇವರ ದುಡಿಮೆಗೆ ಕೊಡುವ ಕೂಲಿ ಊರಿನ ಬಾಡಿಗೆಯನ್ನು ಮುಟ್ಟದಿರುವುದೇ ದೋಷ. ಸಾಲದುದಕ್ಕೆ, ಮನೆ ಕೊಂಡವನು ಸಾಲದ ಬಡ್ಡಿಯ ಮೇಲೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಪಡೆಯುವ ಅವಕಾಶವನ್ನು ಅದೇ ದೇಶದ ಕಾಯಿದೆಯು ಇಟ್ಟಿದೆ. ಸಿರಿವಂತನಿಗೆ ದೊರೆತರೆ ರಿಯಾಯಿತಿ, ಬಡವನಿಗೆ ದೊರೆತರೆ ಭಿಕ್ಷೆ ಎಂದು ಹೆಸರಿಡುವುದು ಯಾವ ನ್ಯಾಯ?

ಮೂರನೆಯ ವಾದವು ಇವೆರಡಕ್ಕಿಂತಲೂ ಗಂಭೀರವಾದುದು; ಅದನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಊರಿನ ಆಡಳಿತವು ಊರಿನವರದು, ರಾಜಧಾನಿಯಿಂದ ಆಜ್ಞೆ ಬರಕೂಡದೆಂದು ಈ ಊರುಗಳು ಹೇಳುತ್ತಿವೆ. ಸ್ಥಳೀಯ ಸ್ವರಾಜ್ಯದ ತತ್ತ್ವವು ನಮಗೆ ಪ್ರಿಯವಾದುದೇ. ಆದರೆ ಸ್ವರಾಜ್ಯವೆಂದರೆ ತನ್ನನ್ನು ತಾನು ಆಳಿಕೊಳ್ಳುವ ಹಕ್ಕೇ ಹೊರತು, ನೆರೆಯವನನ್ನು ಹೊರಗಟ್ಟಿ ಅವನ ಭಾರವನ್ನು ಮತ್ತೊಂದು ಊರಿನ ಹೆಗಲಿಗೇರಿಸುವ ಹಕ್ಕಲ್ಲ. ನೆಲದ ಉಪಯೋಗವನ್ನು ಕಟ್ಟುಪಾಡಿಗೆ ಒಳಪಡಿಸುವ ಅಧಿಕಾರವನ್ನು ಪುರಸಭೆಗೆ ಕೊಟ್ಟಿರುವುದು ಪ್ರಾಂತವೇ. ಕೊಟ್ಟಿರುವುದು ಸಮಸ್ತ ಪ್ರಜೆಗಳ ಹಿತಕ್ಕಾಗಿ. ಗೇಟಿನೊಳಗೆ ಇರುವವರ ಹಿತವನ್ನಷ್ಟೇ ನೋಡಿ, ಹೊರಗೆ ನಿಂತವರನ್ನು ಪ್ರಜೆಗಳೇ ಅಲ್ಲವೆಂಬಂತೆ ಅದನ್ನು ಬಳಸುವುದು ಅಧಿಕಾರದ ದುರುಪಯೋಗ. ನ್ಯಾಯಮೂರ್ತಿ ಹಾಲ್ ಅವರ ತೀರ್ಪಿನ ತಿರುಳೂ ಇದೇ ಆಗಿದೆ.

ಆದರೂ ಊರುಗಳ ದೂರಿನಲ್ಲಿ ಹುರುಳಿಲ್ಲದೆ ಇಲ್ಲ. ಕಟ್ಟುವ ವ್ಯಾಪಾರಿಯು ಐದರಲ್ಲಿ ಒಂದು ಮನೆಯನ್ನು ಬಡವರಿಗೆ ಬಿಟ್ಟು ಉಳಿದ ನಾಲ್ಕನ್ನು ಪೇಟೆಯ ಬೆಲೆಗೆ ಮಾರುವ ಪದ್ಧತಿಯು ಅಲ್ಲಿ ಬಳಕೆಯಲ್ಲಿದೆ. ಇದರಿಂದ ಹತ್ತು ಬಡ ಕುಟುಂಬಗಳಿಗೆ ನೆಲೆ ಸಿಗಬೇಕಾದರೆ ಐವತ್ತು ಮನೆಗಳು ಏಳಬೇಕಾಗುತ್ತದೆ; ರಸ್ತೆಯೂ ಶಾಲೆಯೂ ಇಕ್ಕಟ್ಟಾಗುವುದು ಸಹಜ. ಇದಕ್ಕೆ ಮದ್ದು ಬಾಗಿಲನ್ನು ಮುಚ್ಚುವುದಲ್ಲ. ಲಾಭದ ಆಶೆಯಿಲ್ಲದ ಸಂಸ್ಥೆಗಳಿಗೆ ಊರೇ ನಿವೇಶನ ಕೊಟ್ಟು, ಲಾರೆನ್ಸ್ ವಸತಿಯಂತೆ ಎಲ್ಲವನ್ನೂ ಕಡಿಮೆ ಬಾಡಿಗೆಗೇ ಕೊಡುವ ಮನೆಗಳನ್ನು ಕಟ್ಟಿಸಲಿ. ಮಕ್ಕಳನ್ನು ಬರಮಾಡಿಕೊಂಡ ಊರಿನ ಶಾಲೆಗೆ ಪ್ರಾಂತ ಸರಕಾರವು ತಕ್ಕ ಸಹಾಯದ್ರವ್ಯವನ್ನು ಕೊಡಲಿ. ಮಗುವು ನಷ್ಟದ ಬಾಬಾಗಿ ಕಾಣುವುದು ನಿಲ್ಲುವವರೆಗೆ ನ್ಯಾಯಸ್ಥಾನದ ತೀರ್ಪುಗಳಿಂದ ಮಾತ್ರ ಮನಸ್ಸುಗಳು ಬದಲಾಗಲಾರವು.

ಕೊನೆಯದಾಗಿ, ಆ ಪ್ರಾಂತದಲ್ಲಿ ನೆಲೆಸಿರುವ ನಮ್ಮವರಿಗೆ ಒಂದು ಬಿನ್ನಹ. ನೀವೂ ಒಂದು ದಿನ ಅಲ್ಲಿಗೆ ಅಪರಿಚಿತರಾಗಿ ಹೋದವರು. ಬಾಡಿಗೆ ಮನೆಯಲ್ಲಿ ಪಾತ್ರೆಪಡಗ ಹೊಂದಿಸಿಕೊಂಡವರು. ನಿಮ್ಮ ಅಡುಗೆಯ ಒಗ್ಗರಣೆಯನ್ನೂ ನಿಮ್ಮ ನುಡಿಯನ್ನೂ ಸಂದೇಹದಿಂದ ನೋಡಿದ ನೆರೆಯವರು ನಿಮಗೂ ಇದ್ದಿರಬಹುದು. ಏಣಿಯನ್ನು ಹತ್ತಿದವನು ಅದನ್ನು ಮೇಲಕ್ಕೆ ಎಳೆದುಕೊಳ್ಳಬಾರದು. ಇಲ್ಲಿಯೇ ಇರುವ ನಾವೂ ಬುದ್ಧಿ ಹೇಳಿ ಸುಮ್ಮನಾಗುವಂತಿಲ್ಲ. ನಮ್ಮ ನಗರದ ಅನುಕೂಲಸ್ಥರ ಬಡಾವಣೆಗಳಲ್ಲಿ ಮನೆಗೆಲಸಕ್ಕೆ ಬರುವವಳು ಎಷ್ಟು ದೂರದಿಂದ ನಡೆದು ಬರುವಳೆಂಬುದನ್ನು ನಾವು ಒಮ್ಮೆಯಾದರೂ ಕೇಳಿದ್ದೇವೆಯೇ? ಅವಳಿಗೆ ನಮ್ಮ ಮನೆಯ ಬೀಗದ ಕೈಯನ್ನು ಒಪ್ಪಿಸುವಷ್ಟು ನಂಬಿಕೆಯುಳ್ಳ ನಮಗೆ, ಅವಳ ಮನೆ ನಮ್ಮ ಬೀದಿಯಲ್ಲಿರಲೆಂದು ಹೇಳುವಷ್ಟು ಧೈರ್ಯವಿಲ್ಲದಿದ್ದರೆ, ಮೌಂಟ್ ಲಾರೆಲ್ಲಿನ ಆ ಪುರಾಧ್ಯಕ್ಷರನ್ನು ದೂಷಿಸುವ ಅರ್ಹತೆ ನಮಗೂ ಇಲ್ಲ.